ನನಗದು ಆಗಿಬರಲ್ಲ: ಅಲರ್ಜಿಯೋ, ಬರೀ ಒಗ್ಗದಿರುವುದೋ?

"ನನಗದು ಆಗಿಬರಲ್ಲ." ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೂ ಹೀಗೇ ಹೇಳುತ್ತಾರೆ. ಒಂದು ಚೂರು ಗೋಡಂಬಿ ಬಾಯಿಗೆ ಬಿದ್ದರೆ ಗಂಟಲು ಕಟ್ಟುವವರೂ ಹೀಗೇ ಹೇಳುತ್ತಾರೆ. ಮಾತು ಒಂದೇ, ಮೈಯೊಳಗೆ ನಡೆಯುವ ಕತೆ ಮಾತ್ರ ಪೂರ್ತಿ ಬೇರೆ. ಒಬ್ಬರಿಗೆ ಅವತ್ತಿನ ಸಂಜೆ ಹಾಳು, ಇನ್ನೊಬ್ಬರಿಗೆ ಜೀವಕ್ಕೇ ಕುತ್ತು.

ನಾನೂ ಎಷ್ಟೋ ವರ್ಷ "ನನಗೆ ಹಾಲಿನ ಅಲರ್ಜಿ" ಎಂದೇ ಹೇಳಿಕೊಂಡು ಓಡಾಡಿದವಳು. ಹಾಗೆ ಹೇಳಿಬಿಟ್ಟರೆ ಯಾರೂ ಬಲವಂತ ಮಾಡುತ್ತಿರಲಿಲ್ಲ. ಆಮೇಲೆ ಅದೇ ಜನರ ಮುಂದೆ ಕೂತು ಎರಡು ಚಮಚ ಐಸ್‌ಕ್ರೀಮ್ ತಿನ್ನುತ್ತಿದ್ದೆ. ಅದರ ಪೆಟ್ಟು ನನಗೆ ಬೀಳಲಿಲ್ಲ, ಅಕ್ಕನ ಮಗನಿಗೆ ಬಿತ್ತು. ಅವನಿಗಿರುವುದು ನಿಜವಾದ ಗೋಡಂಬಿ ಅಲರ್ಜಿ. ಊಟಕ್ಕೆ ಕರೆದಿದ್ದ ಮನೆಯವರೊಬ್ಬರು, "ಅಲರ್ಜಿ ಅಂದ್ರೆ ಗೊತ್ತು ಬಿಡಿ, ನಿಮ್ಮ ತಂಗಿಗೂ ಇದೆಯಲ್ಲ, ಸ್ವಲ್ಪ ತಿಂದ್ರೆ ಏನೂ ಆಗಲ್ಲ" ಎನ್ನುತ್ತ ಅವನ ತಟ್ಟೆಗೆ ಸಿಹಿ ಹಾಕಲು ಬಂದರು. ಅಕ್ಕ ತಟ್ಟೆಗೆ ಕೈ ಅಡ್ಡ ಹಿಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಅವತ್ತಿನಿಂದ ಆ ಪದವನ್ನು ನನ್ನ ಹೊಟ್ಟೆಯ ವಿಷಯಕ್ಕೆ ಬಳಸುವುದನ್ನು ಬಿಟ್ಟೆ.

ನಿಮಗೋ ಮನೆಯಲ್ಲಿ ಯಾರಿಗೋ ಏನೋ ಆಗಿಬರುತ್ತಿಲ್ಲ ಅನ್ನಿಸಿದರೆ, ಅದು ಯಾವ ಕತೆ ಎಂದು ಪತ್ತೆ ಹಚ್ಚುವುದು ಹೇಗೆ? ಪತ್ತೆಯಾದ ಮೇಲೆ ಮಾಡುವುದೇನು? ಒಂದೊಂದಾಗಿ ನೋಡೋಣ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲು ಮತ್ತು ಹೋಗಿ ಬಂದ ಮೇಲೆ ನಮ್ಮ ಕೈಲಿರುವ ಕೆಲಸ ಎಷ್ಟಿದೆ ಎಂದು ಮಾತ್ರ ಚೆನ್ನಾಗಿ ಗೊತ್ತು.

ಒಳಗೆ ಏನಾಗುತ್ತದೆ

ಅಲರ್ಜಿ ಎಂದರೆ ಮೈಯ ಕಾವಲು ಪಡೆ ಮಾಡುವ ತಪ್ಪು. ರೋಗಾಣುಗಳನ್ನು ಓಡಿಸಬೇಕಾದ ಪಡೆ ಮೊಟ್ಟೆಯಲ್ಲೋ ಕಡಲೆಕಾಯಿಯಲ್ಲೋ ಇರುವ ಒಂದು ಪ್ರೋಟೀನನ್ನು ಶತ್ರು ಎಂದುಕೊಳ್ಳುತ್ತದೆ. ಅದನ್ನು ಹಿಡಿಯಲೆಂದೇ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಈ ಐಜಿಇ ಹೋಗಿ ಚರ್ಮ, ಶ್ವಾಸನಾಳ, ಕರುಳಿನ ಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಅಂಟಿಕೊಂಡು ಕೂರುತ್ತದೆ. ಇಷ್ಟೆಲ್ಲ ಆಗುವಾಗ ಹೊರಗೆ ಏನೂ ಕಾಣಿಸುವುದಿಲ್ಲ. ಮತ್ತೊಂದು ಸಲ ಅದೇ ಪ್ರೋಟೀನು ಒಳಗೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳನ್ನು ಒಂದೇ ಸಲ ಚೆಲ್ಲುತ್ತವೆ. ಚರ್ಮದಲ್ಲಿ ಚೆಲ್ಲಿದರೆ ಗಂದೆ, ತುಟಿಯಲ್ಲಾದರೆ ಊತ, ಶ್ವಾಸನಾಳದಲ್ಲಾದರೆ ಉಬ್ಬಸ, ಕರುಳಿನಲ್ಲಾದರೆ ವಾಂತಿ. ಮೈಯ ರಕ್ತನಾಳಗಳೆಲ್ಲ ಸಡಿಲವಾದರೆ ಬಿಪಿ ಕುಸಿಯುತ್ತದೆ. "ಹೋದ ಸಲ ತಿಂದಾಗ ಏನೂ ಆಗಿರಲಿಲ್ಲವಲ್ಲ" ಎಂಬ ಮಾತನ್ನು ಅದಕ್ಕೇ ನೆಚ್ಚಿಕೊಳ್ಳುವಂತಿಲ್ಲ. ಹೋದ ಸಲ ಪಡೆ ತಯಾರಿಯಲ್ಲಿತ್ತು, ಅಷ್ಟೇ.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದವರು ವಿಯೆನ್ನಾದ ಮಕ್ಕಳ ಡಾಕ್ಟರ್ ಕ್ಲೆಮೆನ್ಸ್ ಫಾನ್ ಪಿರ್ಕೆ. ನನಗೆ ಜಾಸ್ತಿ ಇಷ್ಟವಾಗುವುದು 1921ರ ಕತೆ. ಕ್ಯೂಸ್ಟ್ನರ್ ಎಂಬ ಜರ್ಮನ್ ಡಾಕ್ಟರಿಗೆ ಮೀನು ತಿಂದರೆ ಆಗುತ್ತಿರಲಿಲ್ಲ. ಅವರ ಜೊತೆಗಾರ ಪ್ರೌಸ್ನಿಟ್ಸ್, ಕ್ಯೂಸ್ಟ್ನರ್ ರಕ್ತದಿಂದ ತೆಗೆದ ಸೀರಮ್ಮನ್ನು ತಮ್ಮ ಚರ್ಮಕ್ಕೇ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ಗಂದೆ ಎದ್ದಿತು. ಪ್ರೌಸ್ನಿಟ್ಸ್‌ಗೆ ಮೀನಿನಿಂದ ಯಾವ ತೊಂದರೆಯೂ ಇರಲಿಲ್ಲ! ರಕ್ತದಲ್ಲಿ ಏನೋ ಒಂದು ಇದೆ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ ಎಂದು ಆಗ ಗೊತ್ತಾಯಿತು. ಆ 'ಏನೋ ಒಂದು' ಐಜಿಇ ಎಂದು ಕಂಡುಕೊಳ್ಳಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಇನ್ನು ನನ್ನ ಹಾಲಿನ ಕತೆ. ಇದರಲ್ಲಿ ಕಾವಲು ಪಡೆಯ ಪಾತ್ರವೇ ಇಲ್ಲ. ಇದು ಜೀರ್ಣದ ಲೆಕ್ಕಾಚಾರ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕಿಣ್ವ ಕಮ್ಮಿ ಇದ್ದರೆ ಸಕ್ಕರೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಅದನ್ನು ಹುಳಿಸಿ ಗ್ಯಾಸ್ ಬಿಡುತ್ತವೆ, ಜೊತೆಗೆ ಸಕ್ಕರೆ ನೀರನ್ನೂ ಎಳೆದುಕೊಳ್ಳುತ್ತದೆ. ಗುಡುಗುಡು, ಉಬ್ಬರ, ಓಡಾಟ. ಇದನ್ನೇ ಇಂಟಾಲರೆನ್ಸ್ ಎನ್ನುವುದು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಒಗ್ಗದಿರುವುದು.

ಇದನ್ನು ಕಾಯಿಲೆ ಎನ್ನುವುದಕ್ಕೂ ನನಗೆ ಮನಸ್ಸಿಲ್ಲ. ಪ್ರಪಂಚದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಎದೆಹಾಲು ಬಿಟ್ಟ ಮೇಲೆ ಲ್ಯಾಕ್ಟೇಸ್ ಕಮ್ಮಿಯಾಗುತ್ತ ಹೋಗುತ್ತದೆ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವವರೇ ಲೆಕ್ಕದಲ್ಲಿ ಕಮ್ಮಿ.

ಮೂರನೆಯದೊಂದಿದೆ, ಸೀಲಿಯಾಕ್. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲೂಟೆನ್ ಹೊಟ್ಟೆಗೆ ಹೋದಾಗ ಕಾವಲು ಪಡೆ ತಿರುಗಿ ತನ್ನದೇ ಸಣ್ಣ ಕರುಳಿನ ಗೋಡೆಯನ್ನು ಸವೆಸುತ್ತದೆ. ಇದು ಐಜಿಇ ಅಲರ್ಜಿಯೂ ಅಲ್ಲ, ಇಂಟಾಲರೆನ್ಸೂ ಅಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಇದೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ. ಇದರ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಿ: ರಕ್ತ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿ ಗುರುತೂ ಇಳಿದುಹೋಗುತ್ತದೆ, ರಿಪೋರ್ಟು 'ಏನೂ ಇಲ್ಲ' ಎನ್ನುತ್ತದೆ. "ಒಂದು ತಿಂಗಳಿಂದ ಗೋಧಿ ಮುಟ್ಟಿಲ್ಲ ಡಾಕ್ಟ್ರೇ" ಎಂದು ಹೆಮ್ಮೆಯಿಂದ ಹೇಳಿದವರನ್ನು ಡಾಕ್ಟರು ಮತ್ತೆ ಗೋಧಿ ತಿನ್ನಿ ಎಂದು ವಾಪಸ್ ಕಳಿಸುತ್ತಾರೆ.

ಮೊದಲ ಹೆಜ್ಜೆ: ಗಡಿಯಾರ ನೋಡಿ, ಬರೆದಿಡಿ

ಡಾಕ್ಟರು ಕೇಳುವ ಮೊದಲ ಪ್ರಶ್ನೆ "ಏನು ತಿಂದಿರಿ" ಅಂತ ಅಲ್ವಾ ಎಂದುಕೊಂಡಿದ್ದೆ. "ತಿಂದು ಎಷ್ಟು ಹೊತ್ತಿಗೆ?" ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಐಜಿಇ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮುಖ ತೋರಿಸುತ್ತದೆ. ಒಗ್ಗದಿರುವುದಕ್ಕೆ ಅಷ್ಟು ಅವಸರವಿಲ್ಲ. ಊಟ ಕರುಳಿನ ದಾರಿ ಹಿಡಿದು ಇಳಿಯಬೇಕಲ್ಲ.

ಎರಡನೆಯ ಪ್ರಶ್ನೆ, ಎಷ್ಟು ತಿಂದಿರಿ? ಅಲರ್ಜಿಗೆ ಚಮಚಕ್ಕೆ ಅಂಟಿದ್ದಷ್ಟೇ ಸಾಕಾಗಬಹುದು. ಒಗ್ಗದಿರುವುದರಲ್ಲಿ ಅಳತೆಯೇ ಎಲ್ಲ. ಲ್ಯಾಕ್ಟೋಸ್ ಒಗ್ಗದವರಲ್ಲಿ ಬಹಳ ಜನ ಒಂದು ಸಲಕ್ಕೆ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಹೆಚ್ಚುಕಮ್ಮಿ ಒಂದು ಲೋಟ ಹಾಲು, ತಡೆದುಕೊಳ್ಳುತ್ತಾರೆ. ಊಟದ ಜೊತೆ ಕುಡಿದರೆ ಇನ್ನೂ ವಾಸಿ. ನನ್ನ ಗಡಿ ಅರ್ಧ ಲೋಟ. ಕಂಡುಕೊಳ್ಳಲು ಹದಿನೈದು ದಿನ ಬೇಕಾಯಿತು. ಅದಕ್ಕೆ ಮೊದಲು ಹತ್ತು ವರ್ಷ ಸುಮ್ನೆ ಹೆದರಿಕೊಂಡಿದ್ದೆ.

ಮೂರನೆಯದು, ಎಲ್ಲಿ ಕಾಣಿಸಿತು? ಬರೀ ಹೊಟ್ಟೆಯಲ್ಲೇ ಇದ್ದರೆ ಒಗ್ಗದಿರುವುದರ ಕಡೆ ವಾಲುತ್ತದೆ. ಚರ್ಮ, ತುಟಿ, ಗಂಟಲು, ಉಸಿರು ಸೇರಿದರೆ ಅಲರ್ಜಿಯ ಕಡೆ. ನಾಲ್ಕನೆಯದು, ತಿಂದಾಗಲೆಲ್ಲ ಆಗುತ್ತದೆಯೋ, ಕೆಲವು ಸಲ ಮಾತ್ರವೋ?

ಇದನ್ನೆಲ್ಲ ನೆನಪಿನ ಮೇಲೆ ಬಿಡಬೇಡಿ. ನೆನಪು ಯಾವಾಗಲೂ ಕೊನೆಗೆ ತಿಂದದ್ದರ ಮೇಲೇ ತಪ್ಪು ಹೊರಿಸುತ್ತದೆ. ಅಕ್ಕನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಸಂಜೆ 5.10: ಬಿಸ್ಕತ್ತು 2, ಬಾಳೆಹಣ್ಣು 1. 5.20: ಬಾಯಿ ತುರಿಕೆ ಅಂದ. 5.25: ಕೆಳತುಟಿ ಬಲಗಡೆ ಊದಿದೆ. ಕತ್ತಿನಲ್ಲಿ ಗಂದೆ, ಎಣಿಸಿದೆ, 6. ಉಸಿರು ಸರಿ ಇದೆ, ಕೆಮ್ಮಿಲ್ಲ. ಆಡಿ ಬಂದಿದ್ದ. ಜ್ವರ ಇಲ್ಲ. ಫೋಟೋ ತೆಗೆದೆ. ಬಿಸ್ಕತ್ತಿನ ಪ್ಯಾಕೆಟ್ ಎಸೆದಿಲ್ಲ."

ಕೊನೆಯ ಎರಡು ಸಾಲು ಲಕ್ಷ ರೂಪಾಯಿಯದ್ದು. ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಗಂದೆ ಮಾಯವಾಗಿರುತ್ತದೆ, ಫೋಟೋ ಇರುತ್ತದೆ. ಎಲ್ಲರೂ ಬಾಳೆಹಣ್ಣಿನ ಮೇಲೆ ಅನುಮಾನ ಪಟ್ಟಿದ್ದರು. ಪ್ಯಾಕೆಟ್ಟಿನ ಹಿಂದೆ ಗೋಡಂಬಿ ಪುಡಿ ಎಂದು ಬರೆದಿತ್ತು. "ಆಡಿ ಬಂದಿದ್ದ" ಎಂದು ಬರೆದದ್ದೂ ಸುಮ್ನೆ ಅಲ್ಲ. ಕೆಲವರಿಗೆ ಗೋಧಿ ತಿಂದು ಕೂತರೆ ಏನೂ ಆಗುವುದಿಲ್ಲ, ತಿಂದು ಓಡಿದರೆ ಮಾತ್ರ ಅಲರ್ಜಿ ಕೆರಳುತ್ತದೆ. ಜ್ವರ, ಮದ್ಯ, ಕೆಲವು ನೋವಿನ ಮಾತ್ರೆಗಳೂ ಹೀಗೆ ಕಿಡಿ ಹೊತ್ತಿಸುವುದುಂಟು.

ಗಡಿಯಾರದ ನಿಯಮವನ್ನು ಮುರಿಯುವ ಕೆಲವು ಸಂಗತಿಗಳೂ ಇವೆ. ಕೆಲವು ಜಾತಿಯ ಉಣ್ಣೆಹುಳು ಕಚ್ಚಿದವರಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಗೆ ಅಲರ್ಜಿ ಹುಟ್ಟುತ್ತದೆ. ಅವರು ಆ ಸಕ್ಕರೆ ಇರುವ ದನ, ಹಂದಿ, ಕುರಿ ಮಾಂಸ ತಿಂದ ಎಷ್ಟೋ ಗಂಟೆಯ ಮೇಲೆ, ನಡುರಾತ್ರಿಯಲ್ಲಿ ಮೈತುಂಬ ಗಂದೆಯೆದ್ದು ಎಚ್ಚರವಾಗುತ್ತಾರೆ. ಎಳೆ ಮಕ್ಕಳಲ್ಲಿ ಇನ್ನೊಂದು ಬಗೆ ಇದೆ. ತಿಂದು ಒಂದರಿಂದ ನಾಲ್ಕು ಗಂಟೆಯಲ್ಲಿ ವಾಂತಿಯ ಮೇಲೆ ವಾಂತಿ, ಮಗು ಬಿಳಿಚಿಕೊಂಡು ಸೋತುಹೋಗುತ್ತದೆ, ಚರ್ಮದ ಮೇಲೆ ಏನೂ ಇರುವುದಿಲ್ಲ. ಇದಕ್ಕೂ ಆಸ್ಪತ್ರೆಯೇ ಗತಿ. ಸೇಬು ಹಸಿಯಾಗಿ ಕಚ್ಚಿದರೆ ಬಾಯಿ ತುರಿಸುತ್ತದೆ, ಬೇಯಿಸಿದರೆ ಏನೂ ಇಲ್ಲ ಎನ್ನುವವರಿಗೆ ಅಸಲಿ ಅಲರ್ಜಿ ಇರುವುದು ಬರ್ಚ್ ಮರದ ಪರಾಗಕ್ಕೆ. ಸೇಬಿನ ಪ್ರೋಟೀನು ಅದನ್ನು ಹೋಲುತ್ತದೆ, ಬಿಸಿಗೆ ಮುರಿಯುತ್ತದೆ. ಇನ್ನು ಸರಿಯಾಗಿ ತಂಪಾಗಿಡದ ಮೀನಿನಲ್ಲಿ ಹಿಸ್ಟಮಿನ್ ತಾನಾಗೇ ತುಂಬಿಕೊಳ್ಳುತ್ತದೆ. ತಿಂದವರ ಮುಖ ಕೆಂಪೇರಿ ಥೇಟ್ ಅಲರ್ಜಿಯಂತೆಯೇ ಕಾಣುತ್ತದೆ. ಒಂದೇ ಮೀನು ತಿಂದ ನಾಲ್ವರಿಗೂ ಹೀಗಾದರೆ ತಪ್ಪು ಮೀನಿನದು.

ಎರಡನೆಯ ಹೆಜ್ಜೆ: ಅಪಾಯದ ಹೊತ್ತಿಗೆ ತಯಾರಿ

ಪರೀಕ್ಷೆ, ರಿಪೋರ್ಟು ಎಲ್ಲ ಆಮೇಲೆ. ಇದನ್ನು ಇವತ್ತೇ ತಿಳಿದಿರಬೇಕು.

ತಿಂದು ಸ್ವಲ್ಪ ಹೊತ್ತಿನಲ್ಲಿ ಗಂದೆ ಅಥವಾ ಊತದ ಜೊತೆ ಉಸಿರಾಟದ ತೊಂದರೆಯೋ, ತಲೆಸುತ್ತೋ, ನಿಲ್ಲದ ವಾಂತಿಯೋ ಸೇರಿಕೊಂಡರೆ ಅದು ಅನಾಫಿಲಾಕ್ಸಿಸ್. ಧ್ವನಿ ಗೊಗ್ಗರಾಗುವುದು, ನಾಲಿಗೆ ದಪ್ಪವಾಗುವುದು, ಗಂಟಲು ಬಿಗಿಯುವುದು, ನಿಲ್ಲದ ಕೆಮ್ಮು, ಮಗು ಇದ್ದಕ್ಕಿದ್ದಂತೆ ಜೋತುಬೀಳುವುದು, ಇವನ್ನೂ ನೋಡಿಕೊಳ್ಳಿ. ಚರ್ಮದ ಮೇಲೆ ಒಂದು ಗಂದೆಯೂ ಇಲ್ಲದೆ ಹೀಗಾಗಬಹುದು, ಅದರಿಂದ ಮೋಸ ಹೋಗಬೇಡಿ.

ಇದಕ್ಕೆ ಮದ್ದು ಒಂದೇ, ಅಡ್ರಿನಲಿನ್. ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ ಚುಚ್ಚಬೇಕು. ಡಾಕ್ಟರು ಬರೆದುಕೊಟ್ಟ ಅಡ್ರಿನಲಿನ್ ಪೆನ್ನು, ಅಂದರೆ ಮದ್ದು ತುಂಬಿಟ್ಟ ಪೆನ್ನಿನಂಥ ಸೂಜಿ, ಇದ್ದರೆ ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ಆಮೇಲೆ ಆಂಬ್ಯುಲೆನ್ಸಿಗೆ ಫೋನ್. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್ನು. ಎರಡು ಪೆನ್ನು ಕೊಡುವುದೇ ಇದಕ್ಕೆ. ಪೆನ್ನು ಇಲ್ಲದವರು ಮನೆಯಲ್ಲಿ ಏನೂ ಪ್ರಯೋಗ ಮಾಡದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು.

ಅಲರ್ಜಿ ಮಾತ್ರೆ ನುಂಗಿಸಿ ಕಾಯುವುದೇ ಎಲ್ಲರೂ ಮಾಡುವ ತಪ್ಪು. ಆಂಟಿಹಿಸ್ಟಮಿನ್ ಮಾತ್ರೆ ತುರಿಕೆ, ಗಂದೆಯನ್ನು ಇಳಿಸುತ್ತದೆ. ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನಾಗಲಿ ಕುಸಿಯುವ ಬಿಪಿಯನ್ನಾಗಲಿ ಅದು ತಡೆಯುವುದಿಲ್ಲ. ಗಂದೆ ಕಮ್ಮಿಯಾಯಿತು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇನ್ನೊಂದು ತಪ್ಪು, ಎಬ್ಬಿಸಿ ನಡೆಸುವುದು. "ಬಾ, ಕಾರಿನ ತನಕ ನಡಿ" ಎನ್ನುವುದು ಬೇಡವೇ ಬೇಡ. ಬಿಪಿ ಕುಸಿದಿರುವಾಗ ಎದ್ದು ನಿಂತರೆ ಹೃದಯಕ್ಕೆ ರಕ್ತ ವಾಪಸ್ ಬರುವುದೇ ಕಮ್ಮಿಯಾಗುತ್ತದೆ. ಮಲಗಿಸಿ, ಕಾಲು ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಿ. ವಾಂತಿ ಆಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಸರಿಹೋಯಿತು ಅನ್ನಿಸಿದ ಮೇಲೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿಕೊಳ್ಳುತ್ತಾರೆ. ಅದು ಸುಮ್ನೆ ಇರಿಸಿಕೊಳ್ಳುವುದಲ್ಲ, ಮತ್ತೇನೂ ತಿನ್ನದೆಯೇ ಎರಡನೆಯ ಅಲೆ ಬರುವುದುಂಟು.

ಮೂರನೆಯ ಹೆಜ್ಜೆ: ಪರೀಕ್ಷೆ, ಮತ್ತು ರಿಪೋರ್ಟಿಗೆ ಹೆದರದಿರುವುದು

ಅಲರ್ಜಿಯ ಅನುಮಾನ ಇದ್ದರೆ ಅಲರ್ಜಿ ತಜ್ಞರು ಮಾಡುವುದು ಚರ್ಮದ ಚುಚ್ಚು ಪರೀಕ್ಷೆ. ನಾನು ಅಕ್ಕನ ಮಗನ ಜೊತೆ ಹೋಗಿದ್ದೆ. ಮುಂಗೈ ಒಳಬದಿಯಲ್ಲಿ ಪೆನ್ನಿನಿಂದ ಗೀಟು ಎಳೆದು ನಂಬರ್ ಹಾಕಿದರು. ಒಂದೊಂದು ನಂಬರಿನ ಪಕ್ಕ ಒಂದೊಂದು ಹನಿ. ಹನಿಯ ಮೇಲಿಂದ ಪುಟ್ಟ ಮೊನೆಯಲ್ಲಿ ಚರ್ಮವನ್ನು ಚುರ್ರೆನ್ನುವಷ್ಟು ಮಾತ್ರ ಚುಚ್ಚಿದರು, ರಕ್ತ ಬರಲಿಲ್ಲ. ಒಂದು ಹನಿ ಬರೀ ಉಪ್ಪುನೀರು, ಅಲ್ಲಿ ಏನೂ ಏಳಬಾರದು. ಇನ್ನೊಂದು ಹಿಸ್ಟಮಿನ್, ಅಲ್ಲಿ ಏಳಲೇಬೇಕು. ಆಮೇಲೆ ಹದಿನೈದು ನಿಮಿಷ ಕೆರೆಯದೆ ಕೂರಬೇಕು. ಏಳು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. "ಚಿಕ್ಕಮ್ಮ, ನೀನಾದ್ರೂ ಊದು" ಎಂದು ಕೈ ಚಾಚಿಕೊಂಡೇ ಕೂತಿದ್ದ. ಗೋಡಂಬಿಯ ನಂಬರಿನಲ್ಲಿ ಸೊಳ್ಳೆ ಕಚ್ಚಿದಂತೆ ಬೆಳ್ಳಗೆ ಉಬ್ಬಿತು, ಪಕ್ಕದಲ್ಲಿದ್ದ ಪಿಸ್ತಾದ್ದೂ ಉಬ್ಬಿತು. ಅವೆರಡೂ ಹತ್ತಿರದ ನೆಂಟರು, ಒಂದಕ್ಕಿದ್ದರೆ ಇನ್ನೊಂದಕ್ಕೂ ಇರುವ ಸಂಭವ ಜಾಸ್ತಿ. ನರ್ಸ್ ಸ್ಕೇಲ್ ಇಟ್ಟು ಅಳೆದರು. ಉಪ್ಪುನೀರಿನದಕ್ಕಿಂತ 3 ಮಿಲಿಮೀಟರೋ ಹೆಚ್ಚೋ ಉಬ್ಬಿದರೆ ಪಾಸಿಟಿವ್.

ಪರೀಕ್ಷೆಗೆ ಕೆಲವು ದಿನ ಮೊದಲೇ ಆಂಟಿಹಿಸ್ಟಮಿನ್ ನಿಲ್ಲಿಸಬೇಕು, ಇಲ್ಲದಿದ್ದರೆ ಏನೂ ಉಬ್ಬುವುದಿಲ್ಲ. ಎಷ್ಟು ದಿನ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಕೆಮ್ಮು, ನೆಗಡಿಯ ಎಷ್ಟೋ ಸಿರಪ್ಪುಗಳಲ್ಲೂ ಅದು ಇರುತ್ತದೆ.

ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಡೆ ಆ ಪ್ರೋಟೀನನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅದರ ಅರ್ಥ. ಗುರುತಿಟ್ಟುಕೊಂಡೂ ಸುಮ್ಮನಿರುವ ಮೈಗಳು ಬೇಕಾದಷ್ಟಿವೆ. ರಕ್ತದ ಐಜಿಇ ಪರೀಕ್ಷೆಗೂ ಇದೇ ಮಾತು. ಅದಕ್ಕೇ ಅನುಮಾನ ಇರುವ ನಾಲ್ಕೈದಕ್ಕೆ ಮಾತ್ರ ಪರೀಕ್ಷೆ ಮಾಡಿಸಬೇಕು. "ಎಲ್ಲಕ್ಕೂ ಮಾಡಿಬಿಡಿ, ಗೊತ್ತಾಗಿಬಿಡಲಿ" ಎಂದರೆ ಆರಾಮಾಗಿ ತಿನ್ನುತ್ತಿದ್ದ ಹತ್ತು ಪದಾರ್ಥ ಪಟ್ಟಿಯಲ್ಲಿ ಕೆಂಪಾಗಿ ಬರುತ್ತದೆ, ಮಗುವಿನ ತಟ್ಟೆ ಖಾಲಿಯಾಗುತ್ತದೆ. ಗೊಂದಲ ಉಳಿದರೆ ತಜ್ಞರು ಆಸ್ಪತ್ರೆಯಲ್ಲೇ, ಮದ್ದು ಕೈಲಿಟ್ಟುಕೊಂಡು, ಆ ಪದಾರ್ಥವನ್ನು ಚೂರುಚೂರೇ ಹೆಚ್ಚಿಸುತ್ತ ತಿನ್ನಿಸಿ ನೋಡುತ್ತಾರೆ. ಕೊನೆಯ ತೀರ್ಪು ಅದರದ್ದೇ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಬೇಡಿ.

ಇನ್ನು 'ನೂರು ಆಹಾರಗಳ ಇಂಟಾಲರೆನ್ಸ್ ಟೆಸ್ಟ್' ಎಂದು ಮಾರುವ ಐಜಿಜಿ ಪರೀಕ್ಷೆ. ಐಜಿಜಿ ಎಂದರೆ ಐಜಿಇಯಲ್ಲ, ಬೇರೊಂದು ಬಗೆಯ ಪ್ರತಿಕಾಯ. ನನ್ನ ಅಭಿಪ್ರಾಯ ಕೇಳಿದರೆ ಅದು ದುಡ್ಡು ದಂಡ. ಐಜಿಜಿ ಇದೆ ಎಂದರೆ ನೀವು ಅದನ್ನು ತಿಂದಿದ್ದೀರಿ ಎಂದು ಅರ್ಥ. ನೀವು ಏನು ತಿನ್ನುತ್ತೀರಿ ಎಂದು ನಿಮಗೇ ಗೊತ್ತಲ್ಲ! ಅಲರ್ಜಿ ತಜ್ಞರ ದೊಡ್ಡ ಸಂಘಗಳೂ ಇದನ್ನು ಮಾಡಿಸಬೇಡಿ ಎಂದೇ ಹೇಳುತ್ತವೆ. ಕೂದಲು ಕಳಿಸಿ ಎನ್ನುವ ಪರೀಕ್ಷೆಗಳ ಬಗ್ಗೆ ಮಾತೇ ಬೇಡ.

ಲ್ಯಾಕ್ಟೋಸಿಗೆ ನಿಜವಾದ ಪರೀಕ್ಷೆ ಇದೆ, ಉಸಿರಿನದು. ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿ, ಆಗಾಗ ಒಂದು ಕೊಳವೆಗೆ ಊದಿಸುತ್ತಾರೆ. ಕರುಳಿನ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಗೆ ಬರುತ್ತದೆ. ಅದು ಏರಿದರೆ ಗುಟ್ಟು ರಟ್ಟು.

ನಾಲ್ಕನೆಯ ಹೆಜ್ಜೆ: ಬಿಟ್ಟು ನೋಡಿ, ಮತ್ತೆ ತಿಂದು ನೋಡಿ

ಇದು ಒಗ್ಗದಿರುವುದರ ಅನುಮಾನಕ್ಕೆ ಮಾತ್ರ. ತುಟಿ ಊದಿದ, ಉಸಿರು ಕಟ್ಟಿದ ಇತಿಹಾಸ ಇರುವವರು ಈ ಹೆಜ್ಜೆಯನ್ನು ಹಾರಿಸಿ. ಚಿಕ್ಕ ಮಕ್ಕಳಿಗೂ ಡಾಕ್ಟರನ್ನು ಕೇಳದೆ ಬೇಡ, ಬೆಳೆಯುವ ಮೈಗೆ ಪೆಟ್ಟು.

ಅನುಮಾನ ಇರುವ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಪೂರ್ತಿ ಬಿಡಿ. ಒಂದೇ. ಹಾಲು, ಗೋಧಿ, ಈರುಳ್ಳಿ ಮೂರನ್ನೂ ಒಟ್ಟಿಗೆ ಬಿಟ್ಟು ಆರಾಮಾದರೆ ಯಾವುದಕ್ಕೆ ಥ್ಯಾಂಕ್ಸ್ ಹೇಳುತ್ತೀರಿ? ಬಿಟ್ಟಾಗ ಯಾವ ಬದಲಾವಣೆಯೂ ಇಲ್ಲದಿದ್ದರೆ ಆ ಪದಾರ್ಥ ನಿರಪರಾಧಿ, ವಾಪಸ್ ತಟ್ಟೆಗೆ. ಬದಲಾವಣೆ ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಮತ್ತೆ ಸ್ವಲ್ಪ ಸ್ವಲ್ಪವಾಗಿ ಮೂರು ದಿನ ತಿನ್ನಿ. ತೊಂದರೆ ಮರಳಿ ಬಂದರೆ ಮಾತ್ರ ಪಕ್ಕಾ. ಬಹಳ ಜನ ಬಿಡುವ ಅರ್ಧ ಮಾಡುತ್ತಾರೆ, ತಿರುಗಿ ತಿನ್ನುವ ಅರ್ಧ ಮಾಡುವುದಿಲ್ಲ. ಹಾಗೇ ಜೀವಮಾನವಿಡೀ ಗೋಧಿ ಬಿಟ್ಟು ಕೂತವರಿದ್ದಾರೆ. ಗೋಧಿಯಲ್ಲಿ ಗ್ಲೂಟೆನ್ ಒಂದೇ ಅಲ್ಲ, ಫ್ರಕ್ಟಾನ್ ಎಂಬ ಹುಳಿಯುವ ಸಕ್ಕರೆ ಸರಪಳಿಯೂ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇರುವುದು ಅದೇ. ಗೋಧಿಗೂ ಈರುಳ್ಳಿಗೂ ಎರಡಕ್ಕೂ ಹೊಟ್ಟೆ ಉಬ್ಬಿದರೆ ಅನುಮಾನ ಅದರ ಮೇಲೆ ಹೋಗಬೇಕು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಸಕ್ಕರೆಗಳ ಗುಂಪಿಗೆ ಫೋಡ್‌ಮ್ಯಾಪ್ ಎಂದು ಹೆಸರಿಟ್ಟು ಒಂದು ಪಥ್ಯ ರೂಪಿಸಿದ್ದಾರೆ. ಅದನ್ನು ಡಯಟೀಶಿಯನ್ ಜೊತೆ ಮಾಡಿ, ಒಬ್ಬರೇ ಮಾಡಲು ಹೋದರೆ ತಲೆ ಕೆಡುತ್ತದೆ.

ಲ್ಯಾಕ್ಟೋಸ್ ಒಗ್ಗದವರಿಗೆ ದಾರಿ ಸುಲಭ. ಗಟ್ಟಿಯಾಗಿ ಹಳತಾದ ಚೀಸಿನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಮೊಸರಿನ ಬ್ಯಾಕ್ಟೀರಿಯಾಗಳು ಅರ್ಧ ಕೆಲಸ ಅವೇ ಮಾಡಿಕೊಡುತ್ತವೆ. ಲ್ಯಾಕ್ಟೇಸ್ ಮಾತ್ರೆಯೂ ಸಿಗುತ್ತದೆ, ಮೊದಲ ತುತ್ತಿನ ಜೊತೆ ನುಂಗಬೇಕು.

ಐದನೆಯ ಹೆಜ್ಜೆ: ಲೇಬಲ್ ಓದುವುದು

ಅಲರ್ಜಿ ಪಕ್ಕಾ ಆದವರಿಗೆ ಇದು ದಿನನಿತ್ಯದ ಕೆಲಸ. ಹೆಚ್ಚಿನ ಅಲರ್ಜಿಗೆ ಕಾರಣವಾಗುವವು ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ-ಬಾದಾಮಿ-ಅಕ್ರೋಟಿನಂಥ ಬೀಜಗಳು, ಮೀನು, ಸಿಗಡಿ-ಏಡಿ, ಗೋಧಿ, ಸೋಯಾ ಮತ್ತು ಎಳ್ಳು. ಅಮೆರಿಕದಲ್ಲಿ ಎಳ್ಳನ್ನು ಲೇಬಲ್ಲಿನ ಕಡ್ಡಾಯ ಪಟ್ಟಿಗೆ ಸೇರಿಸಿದ್ದು 2023ರಲ್ಲಿ. ಯುರೋಪಿನ ಪಟ್ಟಿಯಲ್ಲಿ 14 ಇವೆ, ಸಾಸಿವೆಯೂ ಸೇರಿ.

ತೊಂದರೆ ಏನೆಂದರೆ ಇವು ಬೇರೆ ಹೆಸರಿನಲ್ಲಿ ಬರುತ್ತವೆ. ಕೇಸಿನ್, ಕೇಸಿನೇಟ್, ವೇ ಎಂದಿದ್ದರೆ ಹಾಲು. ಆಲ್ಬುಮಿನ್ ಎಂದಿದ್ದರೆ ಬಹುಪಾಲು ಮೊಟ್ಟೆ. ತಹಿನಿ ಎಂದಿದ್ದರೆ ಎಳ್ಳು.

'ಲ್ಯಾಕ್ಟೋಸ್ ಇಲ್ಲದ ಹಾಲು' ಹಾಲಿನ ಅಲರ್ಜಿಯವರಿಗಲ್ಲ. ಅದರಲ್ಲಿ ಸಕ್ಕರೆಯನ್ನು ಒಡೆದಿರುತ್ತಾರೆ, ಪ್ರೋಟೀನು ಹಾಗೇ ಇರುತ್ತದೆ. ಅಲರ್ಜಿ ಇರುವುದೇ ಪ್ರೋಟೀನಿಗೆ. ಆಡಿನ ಹಾಲೂ ಉತ್ತರವಲ್ಲ, ಅದರ ಪ್ರೋಟೀನು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ ಹಸುವಿನ ಹಾಲಿನ ಅಲರ್ಜಿ ಇರುವ ಹೆಚ್ಚಿನವರಿಗೆ ಅದೂ ಆಗುವುದಿಲ್ಲ. ಆಡಿನ ಹಾಲಿನಲ್ಲಿ ಲ್ಯಾಕ್ಟೋಸೂ ಇದೆ. ಹಾಗಾಗಿ ಅದು ನನಗೂ ಬೇಡ, ಅವರಿಗೂ ಬೇಡ.

ಪ್ರತಿ ಸಲ ಕೊಂಡಾಗಲೂ ಓದಿ, ಅದೇ ಬಣ್ಣದ ಅದೇ ಪ್ಯಾಕೆಟ್ಟಾದರೂ ಸರಿ. ಕಂಪನಿಯವರು ಪದಾರ್ಥ ಬದಲಾಯಿಸುವಾಗ ನಮಗೆ ಫೋನ್ ಮಾಡಿ ಹೇಳುವುದಿಲ್ಲ. 'ಇದರಲ್ಲಿ ಚೂರುಪಾರು ಇರಬಹುದು' ಎಂಬ ಎಚ್ಚರಿಕೆ ಹೆಚ್ಚಿನ ದೇಶಗಳಲ್ಲಿ ಕಡ್ಡಾಯವಲ್ಲ. ಹಾಗಾಗಿ ಆ ಸಾಲು ಇಲ್ಲ ಎಂದ ಮಾತ್ರಕ್ಕೆ ಪ್ಯಾಕೆಟ್ಟು ಶುದ್ಧ ಎಂದಲ್ಲ.

ಅಡುಗೆಮನೆಯಲ್ಲಿ ನೆನಪಿಡುವುದು ಸ್ವಲ್ಪವೇ. ಕೈ ತೊಳೆಯುವುದೆಂದರೆ ಸೋಪು ಮತ್ತು ನೀರು. ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆ, ಕಡಲೆಕಾಯಿಯ ಪ್ರೋಟೀನನ್ನು ಕೈಯಿಂದ ತೆಗೆಯುವುದಿಲ್ಲ. ಕುದಿಸಿದರೆ, ಹುರಿದರೆ ಎಲ್ಲ ಅಲರ್ಜಿಯೂ ಹೋಗುತ್ತದೆ ಎಂಬುದೂ ಸುಳ್ಳು, ಹುರಿದ ಕಡಲೆಕಾಯಿ ಇನ್ನೂ ಜೋರು. ಕರಿದ ಎಣ್ಣೆ, ಮಿಕ್ಸಿ ಜಾರು, ಬಡಿಸುವ ಚಮಚ, ಈ ಮೂರರ ಮೇಲೆ ಒಂದು ಕಣ್ಣಿಡಿ. ಹೊರಗೆ ಊಟಕ್ಕೆ ಕೂತಾಗ "ಗೋಡಂಬಿ ಹಾಕ್ಬೇಡಿ" ಎಂದರೆ ಮೇಲಿಂದ ಆರಿಸಿ ತೆಗೆದು ತಂದಿಡುತ್ತಾರೆ. "ಗೋಡಂಬಿ ತಗುಲಿದ್ರೂ ಹುಡುಗನಿಗೆ ಉಸಿರು ಕಟ್ಟುತ್ತೆ, ಅಡುಗೆಯವರನ್ನೇ ಕೇಳಿ ಬನ್ನಿ" ಎನ್ನಬೇಕು.

ಮಕ್ಕಳ ವಿಷಯ

ಹಿಂದೆ ಕಡಲೆಕಾಯಿಯನ್ನು ಮೂರು ವರ್ಷದವರೆಗೆ ಕೊಡಲೇಬೇಡಿ ಎನ್ನುತ್ತಿದ್ದರು. 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೇ ಅಪಾಯ ಹೆಚ್ಚಿರುವ ಮಕ್ಕಳಿಗೆ ಹಾಗೆ ಹೇಳಿತ್ತು, 2008ರಲ್ಲಿ ಅದನ್ನು ಕೈಬಿಟ್ಟಿತು. 2015ರಲ್ಲಿ ಲೀಪ್ ಎಂಬ ಅಧ್ಯಯನ ಬಂತು. ಜೋರು ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳು, ವಯಸ್ಸು 4ರಿಂದ 11 ತಿಂಗಳು. ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿ ತಿನಿಸು ಶುರು ಮಾಡಿದರು, ಉಳಿದವರಿಗೆ ಕೊಡಲಿಲ್ಲ. ಐದು ವರ್ಷ ತುಂಬುವಾಗ ಕೊಡದವರಲ್ಲಿ ನೂರಕ್ಕೆ 17.2, ಕೊಟ್ಟವರಲ್ಲಿ 3.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಇತ್ತು. ಅಷ್ಟು ವರ್ಷ ಹೇಳಿಕೊಂಡು ಬಂದ ಬುದ್ಧಿವಾದ ತಲೆಕೆಳಗಾಯಿತು. ಈಗ ಘನ ಆಹಾರ ಶುರುವಾದಾಗಲೇ, ಮೊದಲ ವರ್ಷದೊಳಗೆ, ಕಡಲೆಕಾಯಿ, ಮೊಟ್ಟೆಗಳನ್ನು ಪರಿಚಯಿಸಿ ಎನ್ನುತ್ತಾರೆ. ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಿ. ಮಗುವಿಗೆ ಜೋರು ಎಕ್ಸಿಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ. ಕೇಕಿನಂತೆ ಚೆನ್ನಾಗಿ ಬೇಕ್ ಆದ ರೂಪದಲ್ಲಿ ಅದಕ್ಕೂ ಮೊದಲೇ ಒಗ್ಗುವುದುಂಟು, ಅದನ್ನು ನೋಡುವುದೂ ಆಸ್ಪತ್ರೆಯಲ್ಲೇ. ಕಡಲೆಕಾಯಿಯದು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಗೋಡಂಬಿಯಂಥ ಬೀಜಗಳದ್ದು ಹತ್ತರಲ್ಲಿ ಒಬ್ಬರಿಗೆ. ಹಾಗಾಗಿ ಆಗಾಗ ಮರುಪರೀಕ್ಷೆ ಇರುತ್ತದೆ.

ನಮ್ಮ ಹುಡುಗನದು ಮುಂದಿನ ಜೂನಿನಲ್ಲಿ. ಅಲ್ಲಿಯವರೆಗೆ ಎರಡು ಪೆನ್ನು ಅವನ ಶಾಲೆಯ ಬ್ಯಾಗಿನ ಮುಂದಿನ ಜೇಬಿನಲ್ಲಿ ಇರುತ್ತವೆ. ಫ್ರಿಜ್ಜಿನಲ್ಲಿಡಬಾರದು, ಬಿಸಿಲಿನಲ್ಲಿ ನಿಂತ ಕಾರಿನಲ್ಲೂ ಬಿಡಬಾರದು. ಪ್ರತಿ ತಿಂಗಳ ಒಂದನೇ ತಾರೀಕು ಅವನೇ ಅದನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಮದ್ದು ನೀರಿನ ಹಾಗೆ ತಿಳಿಯಾಗಿದೆಯೋ, ಕಂದಾಗಿದೆಯೋ ನೋಡಿ, ಮುಗಿಯುವ ತಾರೀಕನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ.